ಲೇಬಲ್ ನೋಡದೆ ಓಕ್‌ರಹಿತ ಬಿಳಿ ವೈನನ್ನು ಗುರುತಿಸುವುದು

ಓಕ್ ಮರದ ಪೀಪಾಯಿಯ ಸೋಂಕಿಲ್ಲದೆ ಸ್ಟೀಲ್ ತೊಟ್ಟಿಯಲ್ಲೇ ಹುದುಗಿ ಮಾಗಿದ ಬಿಳಿ ವೈನನ್ನು ರುಚಿಯಿಂದಲೇ ಗುರುತಿಸಬೇಕಾದರೆ, ಅದರಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದನ್ನು ಅರಿಯುವುದು ಮುಖ್ಯ. ಇದಕ್ಕೆ ಒಂದೇ ದ್ರಾಕ್ಷಿಯ ಎರಡು ವೈನ್‌ಗಳನ್ನು ಅಕ್ಕಪಕ್ಕದಲ್ಲಿಟ್ಟು ಅಭ್ಯಾಸ ಮಾಡಬೇಕು. ಫ್ರಾನ್ಸಿನ ಬರ್ಗಂಡಿ ಸೀಮೆಯ ಉತ್ತರ ತುದಿಯ ಶಾಬ್ಲಿ ಮತ್ತು ಅದೇ ಸೀಮೆಯ ಮರ್ಸೋ ಇದಕ್ಕೆ ಒಳ್ಳೆಯ ಜೋಡಿ. ಎರಡೂ ಶಾರ್ಡೊನೆ ದ್ರಾಕ್ಷಿಯವೇ ಆದರೂ ಸಾಮಾನ್ಯ ದರ್ಜೆಯ ಶಾಬ್ಲಿ ಬಹುಮಟ್ಟಿಗೆ ಸ್ಟೀಲ್ ತೊಟ್ಟಿಯಲ್ಲಿ ತಯಾರಾಗುತ್ತದೆ, ಮರ್ಸೋ ಓಕ್ ಪೀಪಾಯಿಯಲ್ಲಿ ಮಾಗುತ್ತದೆ. ಶಾಬ್ಲಿಯ ಅತ್ಯುನ್ನತ ದರ್ಜೆಯಾದ ಗ್ರಾಂ ಕ್ರುವಿನಲ್ಲಿ ಕೆಲವರು ಪೀಪಾಯಿ ಬಳಸುವುದರಿಂದ ಅದನ್ನು ಆರಿಸಬಾರದು. ಮರ್ಸೋ ದುಬಾರಿಯಾದ್ದರಿಂದ ನಾಲ್ಕಾರು ಮಂದಿ ಸೇರಿ ಕೊಳ್ಳುವುದು ಜಾಣತನ.

ಬಾಟಲಿಗಳನ್ನು ಬೇರೊಬ್ಬರಿಂದ ಕಾಗದದಲ್ಲಿ ಸುತ್ತಿಸಿ, ಒಂದೇ ಬಗೆಯ ಗ್ಲಾಸುಗಳಿಗೆ ಸುರಿಸಿಕೊಳ್ಳಿ. ವೈನ್ ಸುಮಾರು 10ರಿಂದ 12 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ. ಫ್ರಿಜ್ಜಿನಿಂದ ಆಗತಾನೇ ತೆಗೆದ ವೈನಿನಲ್ಲಿ ಪರಿಮಳ ಅಡಗಿರುವುದರಿಂದ ಪೀಪಾಯಿಯ ವೈನೂ ಓಕ್‌ರಹಿತವೆಂಬ ಭ್ರಮೆ ಹುಟ್ಟಿಸಬಲ್ಲದು. ಬಣ್ಣವನ್ನು ಹೆಚ್ಚು ನಂಬಬೇಡಿ. ವಯಸ್ಸಾದ ವೈನೂ ಹೊಂಬಣ್ಣಕ್ಕೆ ತಿರುಗುತ್ತದೆ.

ತೀರ್ಪು ಬಹುಪಾಲು ಮೂಗಿನದು. ಹೊಸ ಓಕ್ ವೈನಿಗೆ ವೆನಿಲ್ಲಾ, ತೆಂಗಿನಕಾಯಿ ಮತ್ತು ಲವಂಗದ ವಾಸನೆಗಳನ್ನು ಕೊಡುತ್ತದೆ. ಪೀಪಾಯಿಯ ಒಳಮೈಯನ್ನು ಬೆಂಕಿಯಲ್ಲಿ ಸುಟ್ಟಿರುವುದರಿಂದ ಹೊಗೆಯ, ಹುರಿದ ಬೀಜದ ಛಾಯೆಯೂ ಸೇರುತ್ತದೆ. ಇವಾವುವೂ ಇಲ್ಲದೆ ಹಸಿರು ಸೇಬು, ನಿಂಬೆ, ಒದ್ದೆಯಾದ ಸುಣ್ಣಕಲ್ಲಿನಂತಹ ವಾಸನೆಗಳಷ್ಟೇ ನಿಚ್ಚಳವಾಗಿದ್ದರೆ ಓಕ್‌ರಹಿತವೆಂದು ಊಹಿಸಬಹುದು. ಹೆಚ್ಚಿನವರು ಎಡವುವುದು ಬೆಣ್ಣೆಯ ವಾಸನೆಯಲ್ಲಿ. ಅದು ಮರದ ಕೊಡುಗೆಯಲ್ಲ. ಮ್ಯಾಲಿಕ್ ಆಮ್ಲವನ್ನು ಲ್ಯಾಕ್ಟಿಕ್ ಆಮ್ಲವಾಗಿಸುವ ಬ್ಯಾಕ್ಟೀರಿಯಾಗಳಿಂದ ಹುಟ್ಟುವ ಡೈಅಸಿಟೈಲ್ ಎಂಬ ರಾಸಾಯನಿಕದ ವಾಸನೆ ಅದು, ಸ್ಟೀಲ್ ತೊಟ್ಟಿಯಲ್ಲೂ ಬರಬಹುದು. ಬ್ರೆಡ್ಡಿನ ವಾಸನೆಯೂ ಹೀಗೆಯೇ ಮೋಸಗೊಳಿಸುತ್ತದೆ: ತಳದಲ್ಲಿ ಕೂತ ಸತ್ತ ಯೀಸ್ಟಿನ ಮೇಲೆ ತಿಂಗಳುಗಟ್ಟಲೆ ಇರಿಸುವ ಫ್ರಾನ್ಸಿನ ಮಸ್ಕಡೆಯಂತಹ ಬಿಳಿ ವೈನಿನಲ್ಲಿ ಓಕ್ ಇಲ್ಲದೆಯೂ ಅದು ಸಿಗುತ್ತದೆ.

ಬಾಯಲ್ಲಿ ಕೊನೆಯ ಕ್ಷಣವನ್ನು ಗಮನಿಸಿ. ಹೊಸ ಓಕ್ ವಸಡಿನ ಮೇಲೆ ತೆಳುವಾದ ಒಗರನ್ನು ಉಳಿಸುತ್ತದೆ. ಶಾಬ್ಲಿಯಾದರೆ ಹುಳಿ ಚುರುಕಾಗಿ ಮುಗಿದು ಬಾಯಲ್ಲಿ ನೀರೂರುತ್ತದೆ. ಹಲವು ವರ್ಷ ಬಳಸಿದ ಹಳೆಯ ಪೀಪಾಯಿ ವಾಸನೆಯನ್ನೂ ಒಗರನ್ನೂ ಬಹುತೇಕ ಬಿಟ್ಟುಕೊಡುವುದಿಲ್ಲವಾದ್ದರಿಂದ, ಟಿಪ್ಪಣಿಯಲ್ಲಿ ‘ಓಕ್ ಇಲ್ಲ’ ಎನ್ನುವುದಕ್ಕಿಂತ ‘ಹೊಸ ಓಕ್‌ನ ಗುರುತಿಲ್ಲ’ ಎಂದು ಬರೆಯುವುದೇ ಸರಿ.