ಚಾರ್ಜರ್‌ಗೆ ಕಾಣದ್ದು ಬಿಎಂಎಸ್‌ಗೆ ಕಾಣುತ್ತದೆ

ಸೋಲಾರ್‌ಗೆಂದು ನಾನೇ ಒಂದು ಲಿಥಿಯಂ ಬ್ಯಾಟರಿ ಕಟ್ಟಿದ್ದೇನೆ. 100 ಎಎಚ್‌ನ (ಆಂಪಿಯರ್-ಅವರ್) ನಾಲ್ಕು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್‌ಗಳು, ಸೀರೀಸ್‌ನಲ್ಲಿ. ಒಂದೊಂದೂ 3.2 ವೋಲ್ಟ್‌ನದು, ಪೂರ್ತಿ ತುಂಬಿದಾಗ 3.65. ಅದಕ್ಕಿಂತ ಮೇಲೆ ಹೋದರೆ ಸೆಲ್ ಹಾಳಾಗುತ್ತದೆ, ಊದಿಕೊಳ್ಳಲೂಬಹುದು.

ಚಾರ್ಜರ್‌ಗೆ ಕಾಣುವುದು ಒಟ್ಟು ವೋಲ್ಟೇಜ್ ಮಾತ್ರ. ಅದು 14.4 ಇದೆ ಅಂದರೆ ನಾಲ್ಕೂ ಸೆಲ್ 3.6ರಲ್ಲಿರಬಹುದು. ಮೂರು 3.5ರಲ್ಲಿದ್ದು ಒಂದು 3.9ಕ್ಕೆ ಏರಿದ್ದರೂ ಮೊತ್ತ ಅಷ್ಟೇ ಅಲ್ವಾ? ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ, ಅಂದರೆ ಸೆಲ್‌ಗಳನ್ನು ಕಾಯುವ ಬೋರ್ಡ್) ಒಂದೊಂದು ಸೆಲ್ಲನ್ನೂ ಬೇರೆಬೇರೆ ಅಳೆಯುತ್ತದೆ. ಯಾವುದಾದರೂ ಒಂದು ಮಿತಿ ಮುಟ್ಟಿದರೆ ಸಾಕು, ಚಾರ್ಜ್ ಕಡೆಯ ಮಾಸ್ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಆಫ್ ಆಗುತ್ತದೆ. ಲೋಡ್ ಮಾತ್ರ ನಡೆಯುತ್ತಲೇ ಇರುತ್ತದೆ.

ಹಾಗಂತ ದಿನಾ ಚಾರ್ಜ್ ನಿಲ್ಲಿಸುವ ಕೆಲಸವನ್ನು ಬಿಎಂಎಸ್‌ಗೆ ಬಿಡಬಾರದು. ಅದು ಕೊನೆಯ ಕಾವಲು. ನಾನು ಚಾರ್ಜರನ್ನು 14.2ಕ್ಕೆ ಇಟ್ಟಿದ್ದೇನೆ, ಬಿಎಂಎಸ್ ಕಟ್ಆಫ್ 3.65ಕ್ಕೆ. ಸೆಲ್‌ಗಳು ಸಮವಾಗಿದ್ದರೆ ಬಿಎಂಎಸ್ ತಲೆಹಾಕುವ ಪ್ರಸಂಗವೇ ಬರುವುದಿಲ್ಲ.

ಸಮವಾಗಿದ್ದರೆ! ಜಾಸ್ತಿ ಹೊತ್ತು ಹಿಡಿದದ್ದು ಇದೇ. ನನ್ನ ಬಿಎಂಎಸ್, ವೋಲ್ಟೇಜ್ ಹೆಚ್ಚಿರುವ ಸೆಲ್‌ನಿಂದ ಸುಮಾರು 50 ಮಿಲಿಆಂಪ್ ಕರೆಂಟನ್ನು ರೆಸಿಸ್ಟರ್‌ನಲ್ಲಿ ಬಿಸಿಯಾಗಿ ಕಳೆಯುತ್ತದೆ. ಇದೇ ಬ್ಯಾಲೆನ್ಸಿಂಗ್. ಒಂದು ಸೆಲ್ಲಿನಲ್ಲಿ 5 ಎಎಚ್ ಹೆಚ್ಚಿದ್ದರೆ ಅದನ್ನು ಇಳಿಸಲು 100 ಗಂಟೆ ಬೇಕು. ಅದಕ್ಕೇ ಜೋಡಿಸುವ ಮೊದಲೇ ನಾಲ್ಕನ್ನೂ ಪ್ಯಾರಲಲ್ ಮಾಡಿ 3.65ಕ್ಕೆ ತಂದೆ. ಬ್ಯಾಲೆನ್ಸಿಂಗ್ ಶುರುವಾಗುವ ಮಟ್ಟವನ್ನು 3.4 ವೋಲ್ಟ್‌ಗೆ ಇಟ್ಟೆ. ಎಲ್‌ಎಫ್‌ಪಿಯಲ್ಲಿ ಚಾರ್ಜ್‌ನ ನಡುವಿನ ಹಂತದಲ್ಲಿ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಇರುತ್ತದೆ. ಅಲ್ಲಿ ಬ್ಯಾಲೆನ್ಸ್ ಮಾಡಿದರೆ ತಪ್ಪು ಸೆಲ್ಲೇ ಖಾಲಿಯಾಗಬಹುದು.

ವೈರಿಂಗ್‌ನಲ್ಲಿ ಮೊದಲು ದಪ್ಪ ನೆಗೆಟಿವ್ ವೈರ್, ಆಮೇಲೆ ಸೆನ್ಸ್ ವೈರ್ (ಒಂದೊಂದು ಸೆಲ್ಲಿನ ವೋಲ್ಟೇಜ್ ಅಳೆಯುವ ವೈರ್‌ಗಳು). ಕನೆಕ್ಟರ್ ಸಿಕ್ಕಿಸುವ ಮುಂಚೆ ಪಕ್ಕಪಕ್ಕದ ಪಿನ್‌ಗಳ ನಡುವೆ ಮಲ್ಟಿಮೀಟರ್ ಹಿಡಿದೆ. ಪ್ರತಿ ಸಲ ಒಂದೇ ಸೆಲ್ಲಿನ ವೋಲ್ಟೇಜ್ ಬರಬೇಕು. ಎರಡು ವೈರ್ ಅದಲುಬದಲಾಗಿದ್ದರೆ ಬೋರ್ಡ್ ಸುಟ್ಟೇ ಹೋಗಬಹುದು.

ಚಾರ್ಜ್ ಆಗುವಾಗ ಮಾತ್ರ ಒಂದು ಸೆಲ್ ಹೆಚ್ಚು ವೋಲ್ಟೇಜ್ ತೋರಿಸಿ, ಕರೆಂಟ್ ನಿಂತ ಕೂಡಲೇ ಸರಿಹೋದರೆ ಮೊದಲು ಬಸ್‌ಬಾರಿನ (ಸೆಲ್‌ಗಳನ್ನು ಜೋಡಿಸುವ ಲೋಹದ ಪಟ್ಟಿ) ನಟ್ ನೋಡಿ. 1 ಮಿಲಿಓಮ್ ತಡೆ ಇದ್ದರೂ 50 ಆಂಪ್‌ನಲ್ಲಿ 50 ಮಿಲಿವೋಲ್ಟ್ ಸುಳ್ಳು ಸೇರಿಕೊಳ್ಳುತ್ತದೆ.

ಇನ್ನು ತಾಪಮಾನ. 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಒಳಗೆ ಸೇರದೆ ಆನೋಡ್ (ಸೆಲ್ಲಿನ ನೆಗೆಟಿವ್ ಎಲೆಕ್ಟ್ರೋಡ್) ಮೇಲೆ ಲೋಹವಾಗಿ ಕೂರುತ್ತದೆ. ಆದ್ದರಿಂದ ಆ ಕಟ್ಆಫ್ ಕೂಡ ಆನ್ ಇದೆ. ಸೆನ್ಸರನ್ನು ನಡುವಿನ ಎರಡು ಸೆಲ್‌ಗಳ ಮಧ್ಯೆ ಇಟ್ಟಿದ್ದೇನೆ. ಸುಮ್ನೆ ಡಬ್ಬಿಯ ಗೋಡೆಗೆ ಅಂಟಿಸಿದರೆ ಅದು ಡಬ್ಬಿಯ ಬಿಸಿ ಹೇಳುತ್ತದೆ, ಸೆಲ್ಲಿನದ್ದಲ್ಲ.