ಊದೋ ಶಂಖ ತಗೋಳೊ ಮುಂದ ಇಷ್ಟು ನೋಡ್ರಿ

ಹುಬ್ಬಳ್ಳಿ ದುರ್ಗದಬೈಲ್ ಕಡೆ ಶಂಖ ಕೊಳ್ಳಾವ್ರು ಮೊದಲ ತುದಿ ನೋಡ್ರಿ. ಮುಚ್ಚಿದ್ದು ತೀರ್ಥಕ್ಕ, ಕೊಯ್ದದ್ದು ಊದಾಕ. ಕೊಯ್ದ ತೂತು ಕಿರುಬೆರಳಿನ ತುದಿ ಹೋಗುವಷ್ಟು, ಸುಮಾರು 1 ಸೆಂ.ಮೀ. ಇರಲಿ, ಅಂಚು ನುಣುಪಿರಲಿ. ಸುಮ್ನ ಉಸಿರು ಬಿಟ್ಟು ನೋಡ್ರಿ. ಗಾಳಿ ತಡದ್ರ ಒಳಗಿನ ಸುರುಳಿ ಪೂರಾ ಬಿಡಿಸಿಲ್ಲ ಅಂತ ಅರ್ಥ, ಅದು ಬ್ಯಾಡ. ತೂತು ಬೆರಳಿನಿಂದ ಮುಚ್ಚಿ ನೀರು ತುಂಬಿದ್ರ ಬಿರುಕು ಇದ್ದಲ್ಲಿ ಜಿನುಗತೈತಿ.

ಗಲ್ಲ ಉಬ್ಬಿಸಿ ಊದಿದ್ರ ಬರೇ ಪುಸ್ ಅಂತೈತಿ. ನಾದ ಹುಟ್ಟೂದು ತುಟಿ ಅದುರೂದ್ರಿಂದ. ತುಟಿ ಬಿಗಿ ಮಾಡಿ, ನಡುವ ಸಣ್ಣ ಸಂದಿ ಬಿಟ್ಟು, ‘ಪ್ರ್‌ರ್’ ಅನ್ನಿಸಿ ಹೊಟ್ಟಿಯಿಂದ ಉಸಿರು ಕೊಡ್ರಿ. ಶಂಖಾನ ತುಟಿಗೆ ಜೋರಾಗಿ ಒತ್ತಿದ್ರ ಅದುರೂದ ನಿಲ್ಲತೈತಿ, ಹೊಸಬರು ಎಡವೂದು ಇಲ್ಲೇ. ನಡುವ ಬರದಿದ್ರ ಒಂಚೂರು ಬಾಯಿ ಮೂಲಿಗೆ ಸರಸ್ರಿ. ಶಂಖದ ದೊಡ್ಡ ಬಾಯೊಳಗ ಬೆರಳು ತೂರಿಸಿದ್ರ ಸ್ವರ ಇಳೀತೈತಿ. ತಲಿ ತಿರುಗಿದ್ರ ಅಲ್ಲೇ ಬಿಡ್ರಿ.

ತೊಳಿಯಾಕ ಹುಣಸಿಹಣ್ಣು, ಲಿಂಬಿಹಣ್ಣು ಮುಟ್ಟಿಸಬ್ಯಾಡ್ರಿ, ಅದೇನು ತಾಮ್ರದ ತಂಬಿಗಿ ಅಲ್ಲ. ಶಂಖ ಸುಣ್ಣದ್ದು, ಹುಳಿ ಅದನ್ನ ತಿಂದು ಹೊಳಪು ಕೆಡಸತೈತಿ. ಬರೇ ನೀರು, ಮೆತ್ತನ್ನ ಬ್ರಶ್ಶು ಸಾಕು. ಬಾಯಿ ಕೆಳಗ ಮಾಡಿ ನೆರಳಾಗ ಒಣಗಸ್ರಿ.