ಪುಣೆಯ ತಾರಸಿಗೆ ಸೌರ ಫಲಕ ಮತ್ತು ಬ್ಯಾಟರಿ ಹಾಕಿಸುವ ಕ್ರಮ

ಪುಣೆಯಲ್ಲಿ ಸ್ವಂತ ಮನೆ ಅಥವಾ ರೋ ಹೌಸ್ ಇರುವ ನಮ್ಮವರು ಸೌರ ವಿದ್ಯುತ್ತಿನ ಮಾತು ಬಂದಾಗ ಮೊದಲು ವಿಚಾರಿಸುವುದು ಬೆಲೆಯನ್ನು. ಅದಕ್ಕೂ ಮುಂಚೆ ಮಹಾರಾಷ್ಟ್ರದ ಸರ್ಕಾರಿ ವಿದ್ಯುತ್ ಕಂಪನಿಯಾದ ಮಹಾವಿತರಣದ ಬಿಲ್ಲನ್ನು ಎದುರಿಗಿಟ್ಟುಕೊಂಡು ಮೂರು ಸಂಗತಿಗಳನ್ನು ನೋಡಬೇಕು. ಮರಾಠಿಯಲ್ಲಿ ‘ಮಂಜೂರ್ ಭಾರ್’ ಎಂದು ಬರೆದಿರುವುದು ನಿಮಗೆ ಮಂಜೂರಾದ ವಿದ್ಯುತ್ ಹೊರೆ, ಅಂದರೆ ಒಂದೇ ಸಲಕ್ಕೆ ಬಳಸಲು ಅನುಮತಿಯಿರುವ ಮಿತಿ; ಹಾಕಿಸಬಹುದಾದ ಸ್ಥಾವರದ ಗಾತ್ರಕ್ಕೂ ಇದಕ್ಕೂ ಸಂಬಂಧವಿದೆ. ಹಿಂದಿನ ತಿಂಗಳುಗಳ ಬಳಕೆಯೂ ಅಲ್ಲಿಯೇ ಇರುತ್ತದೆ. ಮೂರನೆಯದು ಗ್ರಾಹಕರ ಹೆಸರು: ಮೀಟರು ತೀರಿಕೊಂಡ ತಂದೆಯ ಹೆಸರಿನಲ್ಲೋ ಮನೆ ಮಾರಿದವರ ಹೆಸರಿನಲ್ಲೋ ಉಳಿದಿದ್ದರೆ ಮೊದಲು ಅದನ್ನು ಬದಲಾಯಿಸಿಕೊಳ್ಳಿ, ಇಲ್ಲವಾದರೆ ಅರ್ಜಿಯೂ ಸಹಾಯಧನವೂ ನಡುವೆಯೇ ತಡೆದು ನಿಲ್ಲುತ್ತವೆ.

ಒಂದು ಕಿಲೋವ್ಯಾಟ್ ಫಲಕವು ಇಲ್ಲಿ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ ಮತ್ತು ಸುಮಾರು 100 ಚದರ ಅಡಿ ಜಾಗ ಬೇಡುತ್ತದೆ. ತಿಂಗಳಿಗೆ 300 ಯೂನಿಟ್ ಸುಡುವ ಮನೆಗೆ 3 ಕಿಲೋವ್ಯಾಟ್ ಸಾಕು. ಮಳೆಗಾಲದ ಮೋಡದಲ್ಲಿ ಉತ್ಪಾದನೆ ಇಳಿಯುತ್ತದೆ. ನೆಟ್ ಮೀಟರು ಎಂದರೆ ನೀವು ತಂತಿಯಿಂದ ಪಡೆದ ಮತ್ತು ತಂತಿಗೆ ಕೊಟ್ಟ ವಿದ್ಯುತ್ತನ್ನು ಎರಡನ್ನೂ ಅಳೆಯುವ ಮೀಟರು; ಆ ವ್ಯವಸ್ಥೆಯಲ್ಲಿ ಒಂದು ತಿಂಗಳು ಉಳಿದ ಯೂನಿಟ್ಟುಗಳು ಮುಂದಿನ ಬಿಲ್ಲಿಗೆ ಜಮೆಯಾಗುವುದರಿಂದ ವರ್ಷದ ಲೆಕ್ಕವನ್ನೇ ಹಿಡಿಯಬೇಕು.

ನೆರಳಿನ ವಿಷಯದಲ್ಲಿ ಮಾತ್ರ ಅವಸರ ಬೇಡ. ಡಿಸೆಂಬರ್ ಕೊನೆಯ ವಾರದಲ್ಲಿ ಪುಣೆಯ ನಡುಹಗಲ ಸೂರ್ಯ ದಕ್ಷಿಣ ದಿಕ್ಕಿನಲ್ಲಿ ಸುಮಾರು 48 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ, ಆದ್ದರಿಂದ ನೀರಿನ ಟ್ಯಾಂಕಿನ ನೆರಳು ಉತ್ತರಕ್ಕೆ ಉದ್ದವಾಗಿ ಚಾಚುತ್ತದೆ. ಮೇ ತಿಂಗಳಲ್ಲಿ ಬಂದು ಅಳತೆ ಮಾಡಿದವರಿಗೆ ಆ ನೆರಳು ಕಾಣುವುದೇ ಇಲ್ಲ. ಫಲಕಗಳು ಟ್ಯಾಂಕಿನ ದಕ್ಷಿಣಕ್ಕಿರಲಿ, ದಕ್ಷಿಣಕ್ಕೇ ಮುಖ ಮಾಡಿರಲಿ. ಸಾಲಾಗಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ಬಿದ್ದ ನೆರಳು ಇಡೀ ಸಾಲಿನ ಉತ್ಪಾದನೆಯನ್ನು ಕುಗ್ಗಿಸಬಲ್ಲದು.

ಅರ್ಜಿಯನ್ನು 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯ ರಾಷ್ಟ್ರೀಯ ಪೋರ್ಟಲಿನಲ್ಲಿ ಗ್ರಾಹಕ ಕ್ರಮಾಂಕ ಕೊಟ್ಟು ಸಲ್ಲಿಸಬೇಕು. ಮೊದಲ 2 ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಹೀಗೆ ಒಟ್ಟು 78,000 ರೂಪಾಯಿಯವರೆಗೆ ಕೇಂದ್ರದ ಸಹಾಯಧನ ದೊರೆಯುತ್ತದೆ. ಇದಕ್ಕೆ ಭಾರತದಲ್ಲೇ ತಯಾರಾದ ಕೋಶಗಳ ಫಲಕ ಮತ್ತು ನೋಂದಾಯಿತ ಗುತ್ತಿಗೆದಾರ ಎರಡೂ ಅಗತ್ಯ. ಹಣವು ಸ್ಥಾವರ ಚಾಲನೆಗೊಂಡ ಮೇಲೆ ನಿಮ್ಮ ಬ್ಯಾಂಕ್ ಖಾತೆಗೇ ಬರುತ್ತದೆ. ಬ್ಯಾಟರಿಯ ಖರ್ಚು ಈ ಲೆಕ್ಕದಲ್ಲಿ ಸೇರುವುದಿಲ್ಲ. ಫ್ಲ್ಯಾಟಿನಲ್ಲಿರುವವರಿಗೆ ದಾರಿ ಬೇರೆ: ತಾರಸಿ ಸೊಸೈಟಿಯದಾದ್ದರಿಂದ ಸಾಮಾನ್ಯ ಸಭೆಯ ಠರಾವು ಬೇಕು, ಲಿಫ್ಟ್, ಪಂಪುಗಳಂತಹ ಸಾಮೂಹಿಕ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಿಗುತ್ತದೆ.

ಬ್ಯಾಟರಿ ಬೇಕೇ ಬೇಡವೇ ಎಂಬುದನ್ನು ಗುತ್ತಿಗೆದಾರರ ಬಳಿ ಹೋಗುವ ಮೊದಲೇ ನೀವು ತೀರ್ಮಾನಿಸಿರಬೇಕು. ಅನೇಕರಿಗೆ ತಿಳಿಯದ ಸಂಗತಿಯೆಂದರೆ, ಫಲಕದ ವಿದ್ಯುತ್ತನ್ನು ಮನೆಬಳಕೆಗೆ ತಕ್ಕಂತೆ ಬದಲಿಸಿ ಮಹಾವಿತರಣದ ಜಾಲಕ್ಕೆ ಜೋಡಿಸುವ ಸಾಮಾನ್ಯ ಗ್ರಿಡ್ ಇನ್ವರ್ಟರು ಕರೆಂಟು ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ತಂತಿಯ ಮೇಲೆ ಕೆಲಸ ಮಾಡುವ ಲೈನ್‌ಮನ್‌ನ ಜೀವ ಕಾಯುವುದಕ್ಕಾಗಿಯೇ ಅದನ್ನು ಹಾಗೆ ಮಾಡಿರುವುದು. ಹೀಗಾಗಿ ಪುಣೆಯವರಿಗೆ ರೂಢಿಯಾದ ಗುರುವಾರದ ದುರಸ್ತಿಯ ವೇಳೆ, ತಲೆಯ ಮೇಲೆ ಉರಿಬಿಸಿಲಿದ್ದರೂ ಮನೆಯೊಳಗೆ ಫ್ಯಾನು ತಿರುಗುವುದಿಲ್ಲ. ಅದು ತಿರುಗಬೇಕಾದರೆ ಫಲಕ, ಬ್ಯಾಟರಿ, ಗ್ರಿಡ್ ಮೂರನ್ನೂ ನಿಭಾಯಿಸುವ ಹೈಬ್ರಿಡ್ ಇನ್ವರ್ಟರು ಮತ್ತು ಬ್ಯಾಟರಿ ಬೇಕು. ಅಳತೆಯನ್ನು ಹೀಗೆ ಹಿಡಿಯಿರಿ: 75 ವ್ಯಾಟಿನ ಮೂರು ಫ್ಯಾನು, ಐದಾರು ಎಲ್‌ಇಡಿ ದೀಪ, ಫ್ರಿಜ್ಜು, ರೌಟರು ಎಲ್ಲ ಸೇರಿ ಸುಮಾರು 450 ವ್ಯಾಟ್ ಎಂದುಕೊಂಡರೆ ನಾಲ್ಕು ಗಂಟೆಗೆ 1.8 ಯೂನಿಟ್ ಬೇಕಾಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಸುಮಾರು ಶೇಕಡ 80ರಷ್ಟನ್ನು ನಿಶ್ಚಿಂತೆಯಿಂದ ಬಳಸಬಹುದಾದ್ದರಿಂದ, ನಡುವೆ ಸೋರುವುದನ್ನೂ ಸೇರಿಸಿ, 2.5 ಯೂನಿಟ್ಟಿನದು ಸಾಕು. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಸ್ಸು ಬೇಗ ತೀರುತ್ತದೆ. ಖರೀದಿಯಲ್ಲಿ ಅಗ್ಗವಾದರೂ ಅದು ನನ್ನ ಆಯ್ಕೆಯಲ್ಲ. ಗೀಸರು ಮತ್ತು ಎ.ಸಿ.ಗಳನ್ನು ಬ್ಯಾಟರಿಯ ಸಾಲಿನಿಂದ ಹೊರಗಿಡಿ. ಬ್ಯಾಟರಿಯನ್ನು ಬಿಸಿಲು ತಾಗದ, ಗಾಳಿಯಾಡುವ, ಹೊರಹೋಗುವ ದಾರಿಗೆ ಅಡ್ಡಬಾರದ ಕಡೆ ಕೂರಿಸಬೇಕು.

ಚೌಕಟ್ಟನ್ನು ಕೂರಿಸುವ ದಿನ ನೀವು ತಾರಸಿಯಲ್ಲೇ ನಿಂತಿರಿ. ನಮ್ಮ ಮನೆಯಲ್ಲಿ ಕೆಲಸದವರು ಸ್ಲ್ಯಾಬಿಗೆ ನೇರವಾಗಿ ರಂಧ್ರ ಕೊರೆದು ಬೋಲ್ಟ್ ಬಿಗಿದಿದ್ದರು. ಮುಂದಿನ ಜುಲೈಯಲ್ಲಿ ಅಮ್ಮನ ಕೋಣೆಯ ಸೂರು ತೇವವಾಗಿ, ಗಿಲಾವು ಉದುರಿ, ಜಲನಿರೋಧಕ ಪದರವನ್ನೆಲ್ಲ ಹೊಸದಾಗಿ ಹಾಕಿಸಬೇಕಾಯಿತು. ಕಾಂಕ್ರೀಟ್ ಗಟ್ಟಿಗಳ ಮೇಲೆ ಕಾಲುಗಳನ್ನು ನಿಲ್ಲಿಸುವಂತೆ ಒಪ್ಪಂದದಲ್ಲೇ ಬರೆಸಿ, ಆ ಗಟ್ಟಿಗಳು ಮುಂಗಾರಿಗೆ ಮುಂಚಿನ ಬಿರುಗಾಳಿಯನ್ನು ತಡೆಯುವಷ್ಟು ಭಾರವಿವೆಯೇ ಎಂದು ಕೇಳಿ. ಕಬ್ಬಿಣಕ್ಕೆ ಸತುವಿನ ಲೇಪ ಇರಬೇಕು, ಫಲಕದ ಕಡೆಯ ಡಿ.ಸಿ. (ನೇರ ಪ್ರವಾಹ), ಮನೆಯ ಕಡೆಯ ಎ.ಸಿ. (ಪರ್ಯಾಯ ಪ್ರವಾಹ) ಮತ್ತು ಸಿಡಿಲುವಾಹಕಗಳಿಗೆ ಪ್ರತ್ಯೇಕ ಅರ್ಥಿಂಗ್ ಇರಬೇಕು.

ಕೊನೆಯ ಕಂತನ್ನು ನೆಟ್ ಮೀಟರು ಕೂರುವವರೆಗೆ ಕೊಡಬೇಡಿ. ಕೆಲಸದವರು ಹೊರಡುವ ಮುನ್ನ ಪ್ರತಿ ಫಲಕದ, ಇನ್ವರ್ಟರಿನ, ಬ್ಯಾಟರಿಯ ಕ್ರಮಸಂಖ್ಯೆಯ ಫೋಟೋ ತೆಗೆದಿಟ್ಟುಕೊಳ್ಳಿ. ಫಲಕದ 25 ವರ್ಷಗಳ ವಾರಂಟಿಗೆ ಅದೇ ಆಧಾರ. ಆಮೇಲೆ ಅವರ ಎದುರಿಗೇ ಮುಖ್ಯ ಸ್ವಿಚ್ಚನ್ನು ಆರಿಸಿ, ಫ್ಯಾನು ಮತ್ತು ಫ್ರಿಜ್ಜು ಬ್ಯಾಟರಿಯಿಂದ ನಡೆಯುತ್ತವೆಯೇ ಎಂಬುದನ್ನು ಅರ್ಧ ಗಂಟೆ ನೋಡಿದ ನಂತರವೇ ಹಸ್ತಾಂತರದ ಕಾಗದಕ್ಕೆ ಸಹಿ ಮಾಡಿ.